ಸಿಮೆಂಟ್ ಕಲಸುವ ಮುನ್ನ

ಕೇಳುಗರೇ, ನಮಸ್ಕಾರ.

ಊರೂರಲ್ಲೂ ಈಗ ಹಳೇ ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುತ್ತಿದೆ. ಭಕ್ತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಶುರು ಅಂದ ಕೂಡಲೇ ಬಂದಿಳಿಯುವುದು ಸಿಮೆಂಟ್ ಚೀಲ. ನನಗೆ ಸಂಕಟವಾಗುವುದು ಅಲ್ಲೇ.

ಇಟ್ಟಿಗೆ ಗೋಪುರಕ್ಕೂ ಮಾಳಿಗೆಗೂ ನಮ್ಮ ಹಿರಿಯರು ಹಾಕಿದ್ದು ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ದಿನಗಟ್ಟಲೆ ನೆನೆಹಾಕಿ, ಮರಳು ಸೇರಿಸಿ ಅರೆಯುತ್ತಿದ್ದರು. ಜೊತೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಬೆರಳಿಗೆ ಬೆಣ್ಣೆಯ ಹಾಗೆ ಹತ್ತಿದ ಮೇಲೇ ಗೋಡೆಗೆ. ಈ ಗಾರೆ ಗಟ್ಟಿಯಾಗುವುದು ಬಹಳ ನಿಧಾನ. ಆದರೆ ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಅದರ ಮೂಲಕವೇ ಆರಿಹೋಗುತ್ತದೆ.

ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿಹೋಯಿತು. ತೇವ ಕಲ್ಲಲ್ಲಿ, ಇಟ್ಟಿಗೆಯಲ್ಲಿ ಉಳಿಯುತ್ತದೆ. ನೀರಲ್ಲಿ ಕರಗಿದ ಉಪ್ಪು ಹರಳುಗಟ್ಟಿ ಮೇಲ್ಪದರವನ್ನು ಒಳಗಿಂದ ನೂಕುತ್ತದೆ. ಕೊನೆಗೆ ಸಿಮೆಂಟ್ ಹಾಗೇ ಇರುತ್ತದೆ, ಪಕ್ಕದ ಹಳೇ ಕಲ್ಲು ಹಕ್ಕಳೆಯಾಗಿ ಉದುರುತ್ತದೆ.

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವನ್ನು ನೋಡಿಕೊಳ್ಳಲು ಪುರಾತತ್ತ್ವ ಇಲಾಖೆ ಇದೆ. ಅದೇ ಮೆತ್ತನೆಯ ಬಳಪದ ಕಲ್ಲಲ್ಲಿ ಕಟ್ಟಿದ ಎಷ್ಟೋ ಗುಡಿಗಳು ಹಾಸನ, ಮಂಡ್ಯ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿವೆ. ಅವುಗಳಲ್ಲಿ ಹಲವು ಕಡೆ ತೀರ್ಮಾನ ಊರ ಸಮಿತಿಯದ್ದೇ. ಎಣ್ಣೆ ಬಣ್ಣ ಬಳಿಯುವುದೂ ಅವರೇ, ಟೈಲ್ಸ್ ಹಾಕಿಸುವುದೂ ಅವರೇ. ಕಲ್ಲು ಹೊಸದಾಗಿ ಕಾಣಲಿ ಅಂತ ಮೆಷಿನ್ನಲ್ಲಿ ಮರಳು ಚಿಮ್ಮಿಸಿ ಉಜ್ಜಿಸುತ್ತಾರೆ. ಸವೆದ ಶಾಸನದ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಅಕ್ಷರದ ಆಳ ಉಗುರು ತಾಗುವಷ್ಟು, ಅಷ್ಟೇ. ಆ ಮರಳಿನ ಹೊಡೆತಕ್ಕೆ ಅದು ಉಳಿಯುತ್ತದಾ?

"ದೇವಸ್ಥಾನ ಮ್ಯೂಸಿಯಂ ಅಲ್ಲ, ದಿನಾ ಪೂಜೆ ಆಗುವ ಜಾಗ" ಅಂತ ಊರಿನವರು ಹೇಳುತ್ತಾರೆ. ಖಂಡಿತ ನಿಜ. ಸೋರುವ ಮಾಳಿಗೆ ಕೆಳಗೆ ಪೂಜೆ ಮಾಡಿ ಅಂತ ಯಾರೂ ಹೇಳಬಾರದು. ಆದರೆ ಸೋರುವುದನ್ನು ಗಾರೆಯಿಂದಲೂ ನಿಲ್ಲಿಸಬಹುದು, ಅಲ್ವಾ? ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಸರ್ಕಾರ ಮತ್ತು ಊರಿನವರ ಜೊತೆ ಸೇರಿ ಬಿದ್ದುಹೋಗುತ್ತಿದ್ದ ಎಷ್ಟೋ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಅಂಥ ಗುಡಿಗಳಲ್ಲಿ ಇವತ್ತೂ ಮಂಗಳಾರತಿ ಆಗುತ್ತಿದೆ.

ನಿಮ್ಮೂರಲ್ಲೂ ಚಂದಾ ಎತ್ತಲು ಬರುತ್ತಾರೆ. ಕೊಡಿ, ಮನಸಾರೆ ಕೊಡಿ. ಕೊಡುವಾಗ ಎರಡು ಮಾತು ಕೇಳಿ: ಕಲಸುವುದು ಗಾರೆಯೋ, ಸಿಮೆಂಟೋ? ಕಲ್ಲು ಕದಲಿಸುವ ಮೊದಲು ಪ್ರತಿ ಗೋಡೆಯ, ಪ್ರತಿ ಶಾಸನದ ಫೋಟೋ ತೆಗೆಸಿದ್ದೀರಾ? ಉತ್ತರ ಸಿಗುವವರೆಗೆ ಕೆಲಸ ನಿಲ್ಲಿಸಿ, ಪುರಾತತ್ತ್ವ ಇಲಾಖೆಯವರನ್ನು ಒಮ್ಮೆ ಊರಿಗೆ ಕರೆಸಿ.

ನಮಸ್ಕಾರ.