ರಿಂಗಿನೊಳಗೊಂದು ರಿಂಗ್: ಡಾಲ್ಫ್ ಶೇಯ್ಸ್ ಆಡಿದ ಆಟ

ಎಲ್ಲರಿಗೂ ನಮಸ್ಕಾರ.

ಮೊದಲು ಈ ತಂತಿ ರಿಂಗ್ ನೋಡಿ. ಬೆಳಿಗ್ಗೆ ಮನೆಯಲ್ಲಿ ನಾನೇ ಬಗ್ಗಿಸಿದ್ದು, ಒಂಚೂರು ಸೊಟ್ಟಗಿದೆ. ಅಡ್ಡಳತೆ 14 ಇಂಚು. ಹೊರಗೆ ಕೋರ್ಟಿನಲ್ಲಿರುವ ರಿಂಗ್ 18 ಇಂಚು. ಚೆಂಡು ಹತ್ತಿರ ಹತ್ತಿರ ಒಂಬತ್ತೂವರೆ ಇಂಚು. ಅಂದರೆ ಕೋರ್ಟಿನ ರಿಂಗಿನಲ್ಲಿ ಚೆಂಡಿನ ಒಂದೊಂದು ಕಡೆ ನಾಲ್ಕು ಇಂಚಿಗಿಂತ ಜಾಸ್ತಿ ಜಾಗ ಉಳಿಯುತ್ತದೆ. ಇದರಲ್ಲಿ ಎರಡು ಇಂಚು ಚಿಲ್ಲರೆ, ಅಷ್ಟೇ. ಇಂಥ ಸಣ್ಣ ರಿಂಗನ್ನು ದೊಡ್ಡದರೊಳಗೆ ಕೂರಿಸಿಕೊಂಡು ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಎಸೆತ, ಅಭ್ಯಾಸ ಮಾಡುತ್ತಿದ್ದವರು ಅಮೆರಿಕದ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಡಾಲ್ಫ್ ಶೇಯ್ಸ್.

ಇದು ಬರೀ ಗುರಿ ಕಲಿಯುವ ಉಪಾಯ ಅಲ್ಲ. ಒಂದು ಬಳೆಯನ್ನು ನೇರ ಮೇಲಿನಿಂದ ನೋಡಿದರೆ ದುಂಡಗೆ ಕಾಣುತ್ತದೆ. ಪಕ್ಕಕ್ಕೆ ಸರಿದಷ್ಟೂ ಕಿರಿದಾಗುತ್ತಾ ಹೋಗುತ್ತದೆ, ಅಲ್ವಾ? ಬರುವ ಚೆಂಡಿಗೂ ಹಾಗೇ. ಲೆಕ್ಕ ಹಾಕಿ ನೋಡಿದೆ. 18 ಇಂಚಿನ ರಿಂಗಿಗೆ 31, 32 ಡಿಗ್ರಿ ಇಳಿಜಾರಿನಲ್ಲಿ ಬಂದರೂ ಚೆಂಡು ಕಬ್ಬಿಣ ತಾಗದೆ ಒಳಗೆ ಬೀಳಬಹುದು. 14 ಇಂಚಿನದಕ್ಕೆ 42 ಡಿಗ್ರಿಯಾದರೂ ಬೇಕು. ಹಾಗಾಗಿ ಸಣ್ಣ ರಿಂಗ್ ಎದುರಿಗಿದ್ದರೆ ಕೈ ತಾನಾಗಿ ಚೆಂಡನ್ನು ಎತ್ತರಕ್ಕೆ ಎಸೆಯುತ್ತದೆ. ಶೇಯ್ಸ್ ನಿಂತಲ್ಲಿಂದಲೇ ಎರಡೂ ಕೈಯಿಂದ ತಲೆಯ ಮೇಲಿನಿಂದ ಎಸೆಯುತ್ತಿದ್ದ ಸೆಟ್ ಶಾಟ್ ಎಷ್ಟು ಮೇಲೆ ಹೋಗುತ್ತಿತ್ತೆಂದರೆ, ಎದುರಾಳಿಗಳು ಅದಕ್ಕೆ ರಷ್ಯಾದ ಮೊದಲ ಉಪಗ್ರಹದ ಹೆಸರನ್ನೇ ಕೊಟ್ಟು ಸ್ಪುಟ್ನಿಕ್ ಎಂದರು. ಅಂದಹಾಗೆ, ಈ ಮನುಷ್ಯ ಓದಿದ್ದು ಏರೋನಾಟಿಕಲ್ ಎಂಜಿನಿಯರಿಂಗ್.

ಹುಟ್ಟಿದ್ದು 1928ರ ಮೇ 19ರಂದು, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಬ್ರಾಂಕ್ಸ್‌ನಲ್ಲಿ. ತಂದೆತಾಯಿ ರೊಮೇನಿಯಾದಿಂದ ಬಂದ ಯಹೂದಿಗಳು. ತಂದೆ ಲಾಂಡ್ರಿ ಕಂಪನಿಯೊಂದರ ಟ್ರಕ್ ಓಡಿಸುತ್ತಿದ್ದರು. ಮಗನ ಪೂರ್ತಿ ಹೆಸರು ಅಡಾಲ್ಫ್. ಐದು ವರ್ಷ ಕಳೆಯುವುದರೊಳಗೆ ಜರ್ಮನಿಯಲ್ಲಿ ಇನ್ನೊಬ್ಬ ಅಡಾಲ್ಫ್ ಅಧಿಕಾರಕ್ಕೆ ಬಂದ. ಇಲ್ಲಿ ಹುಡುಗ ಡಾಲ್ಫ್ ಎಂದೇ ಬೆಳೆದ.

ಆ ಕಾಲಕ್ಕೆ ಅಮೆರಿಕದ ದೊಡ್ಡ ಊರುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಯಹೂದಿ ಹುಡುಗರ ಆಟವೇ ಆಗಿತ್ತು. ಫಿಲಡೆಲ್ಫಿಯಾದ ಸ್ಪಾಸ್ ಎಂಬ ತಂಡದ ಜೆರ್ಸಿ ಮೇಲೆ ಹೀಬ್ರೂ ಅಕ್ಷರಗಳೇ ಇರುತ್ತಿದ್ದವು. ಮುಂದೆ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್, ಆದ ಲೀಗ್‌ನಲ್ಲಿ, 1946ರ ನವೆಂಬರ್ 1ರಂದು, ಮೊಟ್ಟಮೊದಲ ಬ್ಯಾಸ್ಕೆಟ್ ಹಾಕಿದ ನ್ಯೂಯಾರ್ಕ್ ನಿಕ್ಸ್‌ನ ಆಸಿ ಶೆಕ್ಟ್‌ಮನ್ ಕೂಡ ಯಹೂದಿ. ಈ ಜನಕ್ಕೆ ಕುತಂತ್ರ ಜಾಸ್ತಿ, ಅದಕ್ಕೇ ಈ ಆಟ ಒಗ್ಗುತ್ತದೆ ಎಂದು ಪತ್ರಿಕೆಯಲ್ಲಿ ಬರೆದವರೂ ಇದ್ದರು. ಸುಮ್ನೆ ಮಾತು. ಒತ್ತೊತ್ತಾಗಿ ಮನೆಗಳಿದ್ದ ಬಡಾವಣೆ, ದೊಡ್ಡ ಮೈದಾನ ಇಲ್ಲ, ಕೈಯಲ್ಲಿ ಕಾಸಿಲ್ಲ. ಒಂದು ಚೆಂಡು, ಶಾಲೆಯ ಅಂಗಳದ ಒಂದು ರಿಂಗ್ ಇದ್ದರೆ ಹತ್ತು ಜನರಿಗೆ ಆಟ. ಕಾರಣ ಇಷ್ಟು ಸರಳ. ಮುಂದೆ ಆ ಬಡಾವಣೆಗಳಿಗೆ ಬೇರೆ ಜನ ಬಂದರು, ಆಟವೂ ಅವರ ಕೈಗೆ ಹೋಯಿತು.

ಶೇಯ್ಸ್ 16ನೇ ವಯಸ್ಸಿಗೇ ನ್ಯೂಯಾರ್ಕ್ ವಿಶ್ವವಿದ್ಯಾಲಯ ಸೇರಿದರು. 1948ರಲ್ಲಿ ಓದು ಮುಗಿದಾಗ ನಿಕ್ಸ್ ಕರೆಯಿತು. ಮನೆ ಬಾಗಿಲಿನ ತಂಡ. ಆದರೆ ಹೊಸಬರಿಗೆ 5,000 ಡಾಲರ್‌ಗಿಂತ ಹೆಚ್ಚು ಕೊಡೋಲ್ಲ ಎಂದಿತು. ಸಿರಕ್ಯೂಸ್ ಎಂಬ ಸಣ್ಣ ಊರಿನ ನ್ಯಾಷನಲ್ಸ್ ತಂಡ 7,500 ಕೊಡುತ್ತೇವೆ ಎಂದಿತು. ಶೇಯ್ಸ್ ಗಂಟುಮೂಟೆ ಕಟ್ಟಿದರು. ಟ್ರಕ್ ಡ್ರೈವರ್ ಮಗನಿಗೆ 2,500 ಡಾಲರ್ ಸಣ್ಣ ಮಾತಲ್ಲ.

1950ರ ದಶಕದ ಶುರುವಿನಲ್ಲಿ ಅವರ ಬಲಗೈ ಮಣಿಕಟ್ಟು ಮುರಿಯಿತು. ಎಸೆಯುವ ಕೈ. ನಾವಾಗಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದೆವು. ಶೇಯ್ಸ್ ಪ್ಲಾಸ್ಟರ್ ಸಮೇತ ಆಡಿದರು. ಬೇರೆ ದಾರಿ ಇಲ್ಲದೆ ಎಡಗೈಯಲ್ಲಿ ಎಸೆಯುವುದು ಕಲಿತರು. ಪ್ಲಾಸ್ಟರ್ ಬಿಚ್ಚಿದಾಗ ಅವರು ಎರಡೂ ಕೈಯ ಆಟಗಾರ. 6 ಅಡಿ 8 ಇಂಚಿನ ಆಳು ದೂರದಿಂದಲೂ ಹಾಕುತ್ತಾನೆ, ಎರಡೂ ಬದಿಯಿಂದ ನುಗ್ಗುತ್ತಾನೆ ಎಂದರೆ ಯಾರು ಹೇಗೆ ತಡೆಯಬೇಕು? ಮುಂದೆ ಎಡಗೈ ಮಣಿಕಟ್ಟೂ ಮುರಿಯಿತು. ಆಗಲೂ ಆಡಿದರು. 1952ರ ಫೆಬ್ರವರಿಯಿಂದ 1961ರ ಡಿಸೆಂಬರ್‌ವರೆಗೆ ಒಂದೂ ಪಂದ್ಯ ತಪ್ಪಿಸದೆ 706 ಪಂದ್ಯ! ಕೊನೆಗೆ ಕೆನ್ನೆಯ ಮೂಳೆ ಮುರಿದಾಗ ಆ ಸರಣಿ ನಿಂತಿತು.

ಇನ್ನು ಗಡಿಯಾರದ ಕಥೆ. ಆಗೆಲ್ಲ ಮುಂದಿದ್ದ ತಂಡ ಚೆಂಡು ಹಿಡಿದುಕೊಂಡು ಸುಮ್ಮನೆ ಓಡಾಡಿಸುತ್ತಿತ್ತು. 1950ರಲ್ಲಿ ಒಂದು ಪಂದ್ಯ 19–18ಕ್ಕೆ ಮುಗಿದಿತ್ತು, ನಂಬಿ. ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಬೌಲಿಂಗ್ (ಕ್ರಿಕೆಟ್‌ನದಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವ ಆಟ) ಆಡುವ ಜಾಗವೊಂದನ್ನು ನಡೆಸುತ್ತಿದ್ದ ವ್ಯಾಪಾರಿ. ಅವರು ಅಂಗಡಿ ಲೆಕ್ಕ ಹಾಕಿದರು. ಒಳ್ಳೆಯ ಪಂದ್ಯವೆಂದರೆ ಎರಡೂ ಕಡೆ ಸೇರಿ 120 ಶಾಟ್. 48 ನಿಮಿಷ ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ರಿಂಗಿಗೆ ಎಸೆಯಲೇಬೇಕು. ಶಾಟ್ ಕ್ಲಾಕ್ ಹುಟ್ಟಿದ್ದು ಹೀಗೆ, 1954ರಲ್ಲಿ. ಒಂದೇ ವರ್ಷದಲ್ಲಿ ಲೀಗ್‌ನ ತಂಡವೊಂದು ಪಂದ್ಯಕ್ಕೆ ಗಳಿಸುವ ಸರಾಸರಿ ಪಾಯಿಂಟ್ 79.5ರಿಂದ 93.1ಕ್ಕೆ ಏರಿತು.

ಆ ಮೊದಲ ವರ್ಷವೇ ಸಿರಕ್ಯೂಸ್ ಫೈನಲ್‌ಗೆ ಬಂತು. ಎದುರಿಗೆ ಫೋರ್ಟ್ ವೇನ್ ಪಿಸ್ಟನ್ಸ್. ತಮಾಷೆ ಕೇಳಿ: ಪಿಸ್ಟನ್ಸ್ ಅಷ್ಟು ದೂರ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ, ಅವರ ಊರಿನ ಒಳಾಂಗಣವನ್ನು ಬೌಲಿಂಗ್ ಪಂದ್ಯಾವಳಿಗೆ ಕೊಟ್ಟುಬಿಟ್ಟಿದ್ದರು. ಪಾಪ, ತವರಿನ ಪಂದ್ಯಗಳನ್ನು ಇಂಡಿಯಾನಾಪೊಲಿಸ್‌ಗೆ ಹೋಗಿ ಆಡಿದರು. ಮೂರು–ಮೂರು ಸಮ. 1955ರ ಏಪ್ರಿಲ್ 10, ಏಳನೇ ಪಂದ್ಯ. ಸಿರಕ್ಯೂಸ್ 17 ಪಾಯಿಂಟ್ ಹಿಂದೆ ಬಿದ್ದು ಎದ್ದಿತು. ಕೊನೆಗೆ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿ, ಮರುಗಳಿಗೆಯಲ್ಲೇ ಎದುರಾಳಿಯ ಚೆಂಡು ಕಸಿದರು. 92–91. ಶೇಯ್ಸ್‌ಗೆ ಸಿಕ್ಕ ಒಂದೇ ಎನ್‌ಬಿಎ ಪ್ರಶಸ್ತಿ ಅದು. ಎನ್‌ಬಿಎಯಲ್ಲಿ ಮೊದಲು ಆಡಿದ ಕಪ್ಪು ಆಟಗಾರ ಅರ್ಲ್ ಲಾಯ್ಡ್ ಕೂಡ ಅದೇ ತಂಡದಲ್ಲಿದ್ದರು.

ಉಳಿದ ದಾಖಲೆ ಬೇಗ ಹೇಳಿಬಿಡುತ್ತೇನೆ. ಲೀಗ್‌ನ ಆಯ್ದ ಆಟಗಾರರು ಆಡುವ ಆಲ್‌ಸ್ಟಾರ್ ಪಂದ್ಯಗಳಿಗೆ ಸತತ 12 ಸಲ ಆಯ್ಕೆ. 15,000 ಪಾಯಿಂಟ್ ದಾಟಿದ ಮೊದಲ ಎನ್‌ಬಿಎ ಆಟಗಾರ. ಅದೂ ದೂರದಿಂದ ಹಾಕಿದರೆ ಮೂರು ಪಾಯಿಂಟ್ ಕೊಡುವ ಗೆರೆ ಇಲ್ಲದ ಕಾಲದಲ್ಲಿ. ಆ ಗೆರೆ ಎನ್‌ಬಿಎಗೆ ಬಂದದ್ದು 1979ರಲ್ಲಿ. ಸ್ಪುಟ್ನಿಕ್‌ಗಳಿಗೆಲ್ಲ ಎರಡೆರಡೇ. ಫ್ರೀ ಥ್ರೋದಲ್ಲಿ ನೂರಕ್ಕೆ ಸುಮಾರು 85.

1963ರಲ್ಲಿ ತಂಡ ಫಿಲಡೆಲ್ಫಿಯಾಗೆ ಹೋಗಿ 76ಅರ್ಸ್ ಆಯಿತು. ಶೇಯ್ಸ್ ಕೋಚ್ ಆದರು. 1965ರಲ್ಲಿ ಅವರ ಕೈಗೆ ಬಂದವರು ವಿಲ್ಟ್ ಚೇಂಬರ್ಲಿನ್. ದೈತ್ಯ ಆಟಗಾರ, ಆದರೆ ಫ್ರೀ ಥ್ರೋ ಅರ್ಧಕ್ಕರ್ಧ ಹೊರಗೆ. 14 ಇಂಚಿನ ರಿಂಗಿನಲ್ಲಿ ಪಳಗಿದವರು ಬದಿಯಲ್ಲಿ ನಿಂತು ಇದನ್ನು ದಿನಾ ನೋಡಬೇಕಿತ್ತು! ಆದರೂ 1966ರಲ್ಲಿ 55 ಗೆಲುವು, 25 ಸೋಲು. ವರ್ಷದ ಕೋಚ್ ಪ್ರಶಸ್ತಿ ಬಂತು. ಪ್ಲೇಆಫ್‌ನಲ್ಲಿ ಬಾಸ್ಟನ್‌ಗೆ ಸೋತರು, ಕೆಲಸ ಹೋಯಿತು. 1977ರಲ್ಲಿ ಇಸ್ರೇಲಿನಲ್ಲಿ ನಡೆಯುವ ಯಹೂದಿ ಆಟಗಾರರ ಮಕಾಬಿಯಾ ಕ್ರೀಡಾಕೂಟಕ್ಕೆ ಅಮೆರಿಕ ತಂಡದ ಕೋಚ್ ಆಗಿ ಹೋಗಿ ಚಿನ್ನ ತಂದರು. ಮಗ ಡ್ಯಾನಿ ಆ ತಂಡದ ಆಟಗಾರ. ಡ್ಯಾನಿ ಮುಂದೆ 18 ಸೀಸನ್ ಎನ್‌ಬಿಎ ಆಡಿದರು.

ಶೇಯ್ಸ್ ತೀರಿಕೊಂಡದ್ದು 2015ರ ಡಿಸೆಂಬರ್ 10ರಂದು, 87ನೇ ವಯಸ್ಸಿನಲ್ಲಿ. ಮೂರು ತಿಂಗಳ ಮೇಲೆ ಅವರ 4ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರಿಗೂ ಕೊಡದಂತೆ ಮೇಲೆ ತೂಗುಹಾಕಿದರು. ಎಲ್ಲಿ? ಫಿಲಡೆಲ್ಫಿಯಾದಲ್ಲಿ. ಆಟಗಾರನಾಗಿ ಅಲ್ಲಿ ಇದ್ದದ್ದು ಒಂದೇ ಸೀಸನ್. ಆದರೆ ಹದಿನೈದು ವರ್ಷ ಆಡಿದ ಸಿರಕ್ಯೂಸ್‌ನಲ್ಲಿ ಈಗ ಎನ್‌ಬಿಎ ತಂಡವೇ ಇಲ್ಲವಲ್ಲ.

ಸರಿ, ಏಣಿ ತರಿಸಿದ್ದೇನೆ. ಈ ಸಣ್ಣ ರಿಂಗ್ ಕಟ್ಟಲು ಇಬ್ಬರು ಬನ್ನಿ. ಒಬ್ಬೊಬ್ಬರಿಗೆ ಹತ್ತು ಫ್ರೀ ಥ್ರೋ. ಮೊದಲು ನಾನೇ ಎಸೆಯುತ್ತೇನೆ, ನಗಬೇಡಿ.