ಬ್ರಹ್ಮಾಂಡಕ್ಕೆ ಸುಣ್ಣದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಾವು ಕಾಣುತ್ತಿರುವ ಜಗತ್ತು ಒಂದು ಹಾಲೋಗ್ರಾಮೇ, ಅಂದರೆ ಚಪ್ಪಟೆ ಹಾಳೆಯಿಂದ ಮೂಡುವ ಆಳದ ಚಿತ್ರವೇ, ಅಥವಾ ಯಾರದೋ ಕಂಪ್ಯೂಟರಿನೊಳಗೆ ನಡೆಯುತ್ತಿರುವ ಆಟವೇ? ಈ ನಿಲಯದವರು ನನಗೆ ಕೊಟ್ಟ ಪ್ರಶ್ನೆ ಇದು. ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಹಾಲೋಗ್ರಾಮ್ ವಿಚಾರ ಹುಟ್ಟಿದ್ದು ಭೌತವಿಜ್ಞಾನಿಗಳ ಗಣಿತದಿಂದ. ಕಂಪ್ಯೂಟರ್ ವಿಚಾರವನ್ನು ಬೆಳೆಸಿದವರು ತತ್ವಶಾಸ್ತ್ರದವರು. ನನಗೆ ಒಲವಿರುವುದು ಮೊದಲನೆಯದರ ಮೇಲೆ, ಅದನ್ನು ಮುಚ್ಚಿಡುವುದಿಲ್ಲ.

ಈ ವಿಷಯ ಎತ್ತಿದರೆ ಸಾಕು, ಸಭೆಯಲ್ಲಿ ಒಬ್ಬರಾದರೂ ಎದ್ದು "ಎಲ್ಲ ಮಾಯೆ ಎಂದು ಶಂಕರಾಚಾರ್ಯರು ಆಗಲೇ ಹೇಳಿದ್ದರಲ್ಲ" ಎನ್ನುತ್ತಾರೆ. ಸ್ವಾಮಿ, ಆಚಾರ್ಯರ ವಿಚಾರ ದೊಡ್ಡದು, ಅದನ್ನು ಅದರ ಜಾಗದಲ್ಲಿ ಇರಲು ಬಿಡಿ. ಜಗತ್ತು ಸುಳ್ಳು ಎಂದು ಹಾಲೋಗ್ರಾಮ್ ಸಿದ್ಧಾಂತ ಎಲ್ಲಿಯೂ ಹೇಳುವುದಿಲ್ಲ. ಒಂದು ಜಾಗದೊಳಗೆ ಹೆಚ್ಚೆಂದರೆ ಎಷ್ಟು ಮಾಹಿತಿ ಹಿಡಿಯುತ್ತದೆ ಎಂಬ ಲೆಕ್ಕ ಅದು. ಬರೀ ಲೆಕ್ಕ.

ಒಂದು ಗೋದಾಮು ಇದೆ ಎಂದುಕೊಳ್ಳಿ. ಅದರ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದಿರಿ. ಈಗ ಎಂಟು ಪಟ್ಟು ಅಕ್ಕಿ ಚೀಲ ಹಿಡಿಯುತ್ತದೆ. ಆದರೆ ಗೋಡೆಗೆ ಬಳಿಯುವ ಸುಣ್ಣ ನಾಲ್ಕು ಪಟ್ಟು ಸಾಕು. ಒಳಗಿನ ಸರಕಿಗೆ ಚೀಲದ ಲೆಕ್ಕ, ಹೊರಮೈಗೆ ಸುಣ್ಣದ ಲೆಕ್ಕ. ಮಾಹಿತಿಯನ್ನು ಅಳೆಯುವಾಗ ಪ್ರಕೃತಿ ಹಿಡಿಯುವುದು ಸುಣ್ಣದ ಲೆಕ್ಕವನ್ನು. ಇದು ಹೇಗೆ ಗೊತ್ತಾಯಿತು ಎನ್ನುವ ಕಥೆ ಒಂದು ಲೋಟ ಚಹಾದಿಂದ ಶುರುವಾಗುತ್ತದೆ.

1970ರ ದಶಕದ ಆರಂಭ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ವೀಲರ್ ಎಂಬ ಮೇಷ್ಟ್ರು. ಬೆಳಕನ್ನೂ ಹೊರಬಿಡದಷ್ಟು ದಟ್ಟವಾದ ಕಾಯಕ್ಕೆ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್ ಎಂಬ ಹೆಸರು ಲೋಕಪ್ರಸಿದ್ಧವಾದದ್ದು ಅವರಿಂದ. ನಮ್ಮ ಬೆಂಗಳೂರಿನ ತಾರಾಲಯವನ್ನು ಕಟ್ಟಿ ಬೆಳೆಸಿದ ಸಿ.ವಿ. ವಿಶ್ವೇಶ್ವರ ಅವರು ಇದೇ ವೀಲರ್ ಅವರ ಶಿಷ್ಯರ ಶಿಷ್ಯ. ಕಪ್ಪುಕುಳಿಯನ್ನು ಕದಡಿದರೆ ಅದು ಕಂಪಿಸಿ ಮತ್ತೆ ಶಾಂತವಾಗುತ್ತದೆ ಎಂದು 1970ರಲ್ಲೇ ಲೆಕ್ಕ ಮಾಡಿ ತೋರಿಸಿದವರು ಅವರು. ಅವರ ಬಗ್ಗೆಯೇ ಒಂದು ಭಾಷಣ ಮಾಡಬೇಕು, ಇರಲಿ.

ವೀಲರ್ ಒಂದು ದಿನ ತಮ್ಮ ವಿದ್ಯಾರ್ಥಿ ಜೇಕಬ್ ಬೆಕೆನ್‌ಸ್ಟೈನ್ ಬಳಿ ತಮಾಷೆಯ ಅಳಲೊಂದನ್ನು ತೋಡಿಕೊಂಡರು. ಬಿಸಿ ಚಹಾದ ಪಕ್ಕದಲ್ಲಿ ತಣ್ಣನೆಯ ಚಹಾ ಇಟ್ಟು ಎರಡನ್ನೂ ಉಗುರುಬೆಚ್ಚಗಾಗಲು ಬಿಟ್ಟರೆ ತಮಗೆ ಅಪರಾಧ ಮಾಡಿದಂತೆ ಅನ್ನಿಸುತ್ತದಂತೆ. ಯಾಕೆಂದರೆ ಅಷ್ಟರಮಟ್ಟಿಗೆ ಜಗತ್ತಿನ ಎಂಟ್ರಪಿ, ಅಂದರೆ ಅಸ್ತವ್ಯಸ್ತತೆ ಹೆಚ್ಚಿತು. ಅದನ್ನು ಇನ್ನು ಯಾರೂ ತಗ್ಗಿಸಲಾರರು. ಆದರೆ ಹತ್ತಿರದಲ್ಲಿ ಕಪ್ಪುಕುಳಿಯೊಂದು ಹಾದುಹೋದರೆ ಎರಡೂ ಚಹಾವನ್ನು ಅದರೊಳಗೆ ಸುರಿದುಬಿಡಬಹುದು. ಅಪರಾಧದ ಸಾಕ್ಷ್ಯವೇ ಇರುವುದಿಲ್ಲ!

ಮೇಷ್ಟ್ರು ನಕ್ಕು ಮುಂದೆ ಹೋದರು. ಹುಡುಗನಿಗೆ ಮಾತ್ರ ನೆಮ್ಮದಿ ಹೋಯಿತು. ಎಂಟ್ರಪಿ ಕಡಿಮೆಯಾಗದು ಎನ್ನುವುದು ಭೌತವಿಜ್ಞಾನದ ಕಟ್ಟುನಿಟ್ಟಾದ ನಿಯಮ. ಕಪ್ಪುಕುಳಿಗೆ ಎಸೆದ ಮಾತ್ರಕ್ಕೆ ಅದು ಅಳಿಸಿಹೋಗುವುದಾದರೆ ಅದೆಂಥ ನಿಯಮ? ತಿಂಗಳುಗಳ ನಂತರ ಅವರು ಉತ್ತರದೊಂದಿಗೆ ಬಂದರು. ಕಪ್ಪುಕುಳಿಗಳು ಕೂಡಿಕೊಂಡರೂ, ಏನನ್ನಾದರೂ ನುಂಗಿದರೂ ಅವುಗಳ ಒಟ್ಟು ಮೇಲ್ಮೈ ಕುಗ್ಗುವುದಿಲ್ಲ ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ತೋರಿಸಿದ್ದರು. ಎಂಟ್ರಪಿ ಬರೆದಿಟ್ಟಿರುವುದು ಆ ಮೇಲ್ಮೈಯಲ್ಲೇ ಎಂದರು ಬೆಕೆನ್‌ಸ್ಟೈನ್. ಚಹಾ ಸುರಿದರೆ ಮೇಲ್ಮೈ ಅಷ್ಟು ಹಿಗ್ಗುತ್ತದೆ. ಸಾಕ್ಷ್ಯ ಹೋಗಿಲ್ಲ, ಹೊರಮೈಗೆ ದಾಖಲಾಗಿದೆ.

ಹಾಕಿಂಗ್‌ಗೆ ಇದು ಹಿಡಿಸಲಿಲ್ಲ. ತನ್ನ ಪ್ರಮೇಯವನ್ನು ಈ ಹುಡುಗ ದುರುಪಯೋಗ ಮಾಡುತ್ತಿದ್ದಾನೆ ಎಂದು ಸಿಡುಕಿದರು. ಆಕ್ಷೇಪಣೆಯೂ ಸರಿಯಾದದ್ದೇ. ಎಂಟ್ರಪಿ ಇದ್ದರೆ ಶಾಖ ಇರಬೇಕು, ಶಾಖ ಇದ್ದರೆ ವಿಕಿರಣ ಹೊರಬರಬೇಕು. ಕಪ್ಪುಕುಳಿಯಿಂದ ಏನೂ ಹೊರಬರುವುದಿಲ್ಲವಲ್ಲ! ಆದರೆ ಅವರೇ ಕ್ವಾಂಟಮ್ ನಿಯಮಗಳನ್ನು, ಅಂದರೆ ಅಣುಲೋಕದ ನಿಯಮಗಳನ್ನು ಸೇರಿಸಿ ಲೆಕ್ಕ ಹಾಕಿ ನೋಡಿದಾಗ, 1974ರಲ್ಲಿ, ವಿಕಿರಣ ಹೊರಬಂದೇ ಬಂತು. ಇಂದು ಅದಕ್ಕೆ ಹಾಕಿಂಗ್ ವಿಕಿರಣ ಎಂದೇ ಹೆಸರು. ಹುಡುಗ ಹೇಳಿದ್ದು ಸರಿಯಾಗಿತ್ತು. ಎದುರಾಳಿಯ ಲೆಕ್ಕವೇ ನಮ್ಮ ಪರ ಸಾಕ್ಷಿ ನುಡಿಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ!

ಎಂಟ್ರಪಿ ಎಂದರೆ ಒಳಗೆ ಅಡಗಿರುವ ಮಾಹಿತಿಯ ಅಳತೆಯೂ ಹೌದು. ಈಗ ಗೋದಾಮಿಗೆ ಬನ್ನಿ. ಅದರೊಳಗೆ ತುರುಕುತ್ತಾ ಹೋಗಿ, ಇನ್ನೂ ತುರುಕಿ. ಒಂದು ಹಂತದಲ್ಲಿ ಅದು ತನ್ನ ಭಾರಕ್ಕೆ ತಾನೇ ಕುಸಿದು ಕಪ್ಪುಕುಳಿಯಾಗುತ್ತದೆ. ಕಪ್ಪುಕುಳಿಗೆ ಸುಣ್ಣದ ಲೆಕ್ಕ. ಹಾಗಾದರೆ ಯಾವ ಜಾಗಕ್ಕೂ ಅದೇ ಗರಿಷ್ಠ ಮಿತಿ. ಒಂದು ಚದರ ಸೆಂಟಿಮೀಟರ್ ಮೇಲ್ಮೈಗೆ ಸುಮಾರು 1ರ ಮುಂದೆ 65 ಸೊನ್ನೆಗಳಷ್ಟು ಬಿಟ್‌ಗಳು, ಅಂದರೆ ಮಾಹಿತಿಯ ಅತಿ ಸಣ್ಣ ತುಣುಕುಗಳು. ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಇದನ್ನು ಇಡೀ ಜಗತ್ತಿಗೆ ಅನ್ವಯಿಸಿದವರು 1990ರ ದಶಕದಲ್ಲಿ ಗೆರಾರ್ಡ್ ಟ್‌ ಹೂಫ್ಟ್ ಮತ್ತು ಲೆನಾರ್ಡ್ ಸಸ್ಕಿಂಡ್. ಡೆಬಿಟ್ ಕಾರ್ಡಿನ ಮೇಲೆ ಮಿನುಗುವ ಚಿತ್ರ ಚಪ್ಪಟೆ ಹಾಳೆಯಲ್ಲಿದ್ದರೂ ಆಳ ತೋರಿಸುತ್ತದಲ್ಲ, ಹಾಲೋಗ್ರಾಮ್ ಎಂಬ ಹೆಸರು ಅಲ್ಲಿಂದ ಬಂತು. 1997ರಲ್ಲಿ ಹುವಾನ್ ಮಾಲ್ಡಸೇನಾ ಒಂದು ಮಾದರಿ ವಿಶ್ವವನ್ನು ಮುಂದಿಟ್ಟರು. ಅದರ ಒಳಗಿನ ಗುರುತ್ವದ ಕಥೆಯನ್ನೆಲ್ಲ ಅದರ ಅಂಚಿನಲ್ಲಿ, ಗುರುತ್ವವೇ ಇಲ್ಲದ ಭಾಷೆಯಲ್ಲಿ ಬರೆಯಬಹುದು. ಆ ವಿಶ್ವದ ಆಕಾರ ನಮ್ಮ ವಿಶ್ವದ್ದಲ್ಲ, ಆ ಕೆಲಸ ಇನ್ನೂ ಬಾಕಿ ಇದೆ. ಶಿಕಾಗೋ ಹತ್ತಿರದ ಫರ್ಮಿಲ್ಯಾಬ್‌ನಲ್ಲಿ 40 ಮೀಟರ್ ಉದ್ದದ ಲೇಸರ್ ತೋಳುಗಳನ್ನು ಹೂಡಿ ಈ ವಿಚಾರದ ಒಂದು ಮಾದರಿ ಊಹಿಸಿದ್ದ, ಸ್ಥಳಾವಕಾಶದ್ದೇ ಸೂಕ್ಷ್ಮ ನಡುಕವೊಂದನ್ನು ಹುಡುಕಿದರು. ನಿರೀಕ್ಷಿಸಿದ ಬಗೆಯ ನಡುಕ ಸಿಗಲಿಲ್ಲವೆಂದು 2015ರಲ್ಲಿ ವರದಿ ಮಾಡಿದರು. ಆ ಮಾದರಿ ಬಿದ್ದುಹೋಯಿತು, ಸುಣ್ಣದ ಲೆಕ್ಕ ಬೀಳಲಿಲ್ಲ.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಕಂಪ್ಯೂಟರ್ ಆಟದ ಬಗ್ಗೆ ಎರಡೇ ಮಾತು. ಆಗ ಆಕ್ಸ್‌ಫರ್ಡಿನಲ್ಲಿದ್ದ ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2003ರಲ್ಲಿ ವಾದಿಸಿದ್ದು ಹೀಗೆ: ಒಂದೋ ನಾಗರಿಕತೆಗಳು ಇಡೀ ಲೋಕವನ್ನೇ ಕಂಪ್ಯೂಟರಿನಲ್ಲಿ ನಡೆಸಬಲ್ಲ ಹಂತ ಮುಟ್ಟುವ ಮೊದಲೇ ಅಳಿಯುತ್ತವೆ, ಇಲ್ಲವೇ ತಮ್ಮ ಪೂರ್ವಿಕರ ನಕಲು ಲೋಕಗಳನ್ನು ಕಂಪ್ಯೂಟರಿನಲ್ಲಿ ನಡೆಸಲು ಅವುಗಳಿಗೆ ಆಸಕ್ತಿ ಇರುವುದಿಲ್ಲ, ಇಲ್ಲವೇ ನಾವೇ ಬಹುಶಃ ಅಂಥ ನಕಲಿನೊಳಗಿದ್ದೇವೆ. ಜಾಣ ವಾದ, ಒಪ್ಪುತ್ತೇನೆ. ಆದರೆ ಬೆಕೆನ್‌ಸ್ಟೈನ್ ತಪ್ಪೆಂದು ತೋರಿಸಲು ಹಾಕಿಂಗ್ ಲೆಕ್ಕ ಹಾಕಲು ಕೂರಬಹುದಾಗಿತ್ತು, ಕೂತರು. ಬೋಸ್ಟ್ರಮ್ ತಪ್ಪೆಂದು ತೋರಿಸಲು ನಾನು ಯಾವ ಲೆಕ್ಕಕ್ಕೆ ಕೂರಲಿ? ಯಾರಿಗಾದರೂ ಗೊತ್ತಿದ್ದರೆ ನಿಲಯದ ವಿಳಾಸಕ್ಕೆ ಬರೆಯಿರಿ, ಖಂಡಿತ ಓದುತ್ತೇನೆ. ನಮಸ್ಕಾರ.