ಗಾಡಿ ಇಲ್ಲದ ಮನೆಗೂ ಡೀಸೆಲ್ ಖರ್ಚು

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಒಬ್ಬ ಅಕ್ಕನ ಬಳಿ ನಾನು ಬಹಳ ವರ್ಷಗಳಿಂದ ಪುಂಡಿಪಲ್ಯ, ಮೆಂತ್ಯ ಕೊಳ್ಳುತ್ತೇನೆ. ಜೇವರ್ಗಿ ರಸ್ತೆಯ ಹಳ್ಳಿಯವರು. ಮನೆಯಲ್ಲಿ ಬೈಕ್ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಆದರೂ ಡೀಸೆಲ್ ದರ ಏರಿದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ, ಏಕೆಂದರೆ ನಸುಕಿನಲ್ಲಿ ಸೊಪ್ಪು ಹೇರಿ ತರುವ ಟಂಟಂ ಆಟೋದವನು ಗಂಟಿನ ಬಾಡಿಗೆ ಏರಿಸಿರುತ್ತಾನೆ. ಅವನನ್ನೂ ದೂರಲಾರೆ, ಅವನೂ ಸಾಲದ ಕಂತು ಕಟ್ಟುವವನೇ.

“ಹಾಗಾದರೆ ನೀವೂ ಸೊಪ್ಪಿನ ಬೆಲೆ ಏರಿಸಿ” ಎಂದೆ.

“ಏರಿಸಿದರೆ ನೀವು ಪಕ್ಕದವಳ ಹತ್ತಿರ ಹೋಗುತ್ತೀರಿ, ಅಣ್ಣ” ಎಂದರು.

ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದ ಮೇಲೆ ಊರಿಗೆ ಮರಳುವ ಬಸ್ಸಿಗೆ ಅವರಿಗೆ ಖರ್ಚಿಲ್ಲ. ಅದು ನಿಜಕ್ಕೂ ದೊಡ್ಡ ಆಸರೆ. ಆದರೆ ನಸುಕಿನ ನಾಲ್ಕು ಗಂಟೆಗೆ ಸೊಪ್ಪಿನ ಗಂಟು ಹೊತ್ತು ಬರುವ ಬಸ್ಸು ಅವರ ಊರಿಗಿಲ್ಲ.

ನಮ್ಮ ತೊಗರಿಯನ್ನೇ ನೋಡಿ. 2019ರಲ್ಲಿ ಭೌಗೋಳಿಕ ಸೂಚಿಕೆಯ, ಅಂದರೆ ಈ ನೆಲದ್ದೇ ಎಂಬ ಗುರುತಿನ, ಮನ್ನಣೆ ಪಡೆದ ಬೆಳೆ ಇದು. ಹೊಲ ಹರಗಲು ಟ್ರ್ಯಾಕ್ಟರ್, ರಾಶಿಗೆ ಯಂತ್ರ, ಮಂಡಿಗೆ ಗಾಡಿ, ದಾಲ್ ಮಿಲ್ಲಿನಿಂದ ಊರೂರಿಗೆ ಲಾರಿ: ಬೇಳೆಯಾಗಿ ಗಂಗಾಳಕ್ಕೆ ಬೀಳುವ ಹೊತ್ತಿಗೆ ಅದು ನಾಲ್ಕು ಸಲ ಡೀಸೆಲ್ ಕುಡಿದಿರುತ್ತದೆ. ಬಾಡಿಗೆ ಹೆಚ್ಚಾಯಿತೆಂದು ರೈತ ತೊಗರಿಯ ದರ ಹೆಚ್ಚಿಸಲಾರ, ಅದನ್ನು ಕಟ್ಟುವುದು ಹರಾಜು. ಬೇಸಿಗೆಯಲ್ಲಿ ಕಿರಾಣಿ ಅಂಗಡಿಯಿಂದ ಬೇಳೆ ತರುವಾಗ ಮಾತ್ರ ಆ ಲಾರಿಯ ಬಾಡಿಗೆ ಅವನ ಲೆಕ್ಕಕ್ಕೇ ಸೇರುತ್ತದೆ.

ಕಚ್ಚಾ ತೈಲದ ಬಹುಪಾಲನ್ನು ನಾವು ಹೊರದೇಶಗಳಿಂದ ತರಿಸುತ್ತೇವೆ; ಅಲ್ಲಿ ಬೆಲೆ ಏರಿದರೆ ಇಲ್ಲಿಯೂ ಏರುವುದನ್ನು ಒಪ್ಪೋಣ. ನನ್ನ ಸಂಕಟ ಇಳಿಕೆಯದು, ಅದು ನಮ್ಮವರೆಗೆ ಬೇಗ ಬರುವುದಿಲ್ಲ. 2020ರಲ್ಲಿ ತೈಲದ ಬೆಲೆ ಕುಸಿದಾಗ ಕೇಂದ್ರ ಸರ್ಕಾರ ಎರಡು ಕಂತುಗಳಲ್ಲಿ ಲೀಟರ್ ಡೀಸೆಲ್ ಮೇಲಿನ ಸುಂಕವನ್ನು 16 ರೂಪಾಯಿ ಹೆಚ್ಚಿಸಿತು. ಅದರಲ್ಲಿ 10 ರೂಪಾಯಿ 2021ರ ನವೆಂಬರಿನಲ್ಲಿ, 6 ರೂಪಾಯಿ 2022ರ ಮೇ ತಿಂಗಳಲ್ಲಿ ಇಳಿಯಿತು. 2024ರ ಜೂನ್‌ನಲ್ಲಿ ನಮ್ಮ ರಾಜ್ಯವೂ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. ಇನ್ನು ಬಂಕಿನಲ್ಲಿ ದರ ಇಳಿದ ದಿನವೂ ಟಂಟಂ ಬಾಡಿಗೆ ಇಳಿದದ್ದನ್ನು ನಾನು ಕಂಡಿಲ್ಲ. ನೈಜೀರಿಯಾದಲ್ಲಿ 2023ರ ಮೇ ಕೊನೆಯಲ್ಲಿ ಸಬ್ಸಿಡಿ ತೆಗೆದಾಗ ಪೆಟ್ರೋಲ್ ಬೆಲೆ ಕೆಲವೇ ದಿನಗಳಲ್ಲಿ ದುಪ್ಪಟ್ಟು ಮೀರಿತು. ಅಲ್ಲಿಯೂ ಸ್ವಂತ ಗಾಡಿ ಇಲ್ಲದವರೇ ಬಸ್ ದರ ಕೊಡಲಾಗದೆ ನಡೆದರು.

ಮನೆಯ ಖರ್ಚು ಬಿಗಿಯಾದಾಗ ಗಾಡಿಯ ಬಾಡಿಗೆ ಕೊಡದಿರಲಾಗದು, ಜೋಳ ಬಿಡಲಾಗದು. ಮೊದಲು ಹಾಲು ಕಡಿಮೆಯಾಗುತ್ತದೆ, ಆಮೇಲೆ ಗ್ಯಾಸ್. ಉಜ್ವಲಾ ಸಂಪರ್ಕವಿರುವವರಿಗೆ 2023ರ ಅಕ್ಟೋಬರಿನಿಂದ ಸಿಲಿಂಡರಿಗೆ 300 ರೂಪಾಯಿ ಸಹಾಯಧನವಿದೆ. ಅದು ಖಾತೆಗೆ ಬರುವುದು ಆಮೇಲೆ. ಸಿಲಿಂಡರ್ ಬಾಗಿಲಿಗೆ ಬಂದ ಗಳಿಗೆಯಲ್ಲಿ ಪೂರ್ತಿ ಹಣ ಕೈಯಲ್ಲಿರಬೇಕು. ದಿನದ ದುಡಿಮೆಯ ಮನೆಗೆ ಆ ಒಂದು ಗಳಿಗೆಯೇ ದಾಟಲಾಗದ ಹಳ್ಳ. ಸಹಾಯಧನ ಕಳೆದು ಉಳಿದದ್ದನ್ನಷ್ಟೇ ಬಾಗಿಲಲ್ಲಿ ಪಡೆಯುವಂತಾಗಲಿ ಎಂದು ನಾನು ಮನಸಾರೆ ಕೇಳುತ್ತೇನೆ.

ಕಳೆದ ವಾರ ಅಕ್ಕನನ್ನು ವಿಚಾರಿಸಿದೆ. ಸಿಲಿಂಡರ್ ಇದೆ, ಚಹಾಕ್ಕೆ ಮತ್ತು ಮಳೆಗಾಲಕ್ಕೆ ಎಂದರು. ರೊಟ್ಟಿ ಬೇಯುವುದು, ಕೂಲಿಗೆ ಹೋದ ಹೊಲದಿಂದ ಹೊತ್ತು ತಂದ ಹತ್ತಿ ಕಟ್ಟಿಗೆಯ ಉರಿಯಲ್ಲಿ.

ನಮಸ್ಕಾರ.